ಕರಡಿಯ ಬೆನ್ನಿನ ಹೊಲಿಗೆ

ವಿದ್ಯಾರಣ್ಯಪುರಂನಲ್ಲಿ ಗಿರಿಜಾಂಬಾ ಎಂದು ಕೇಳಿದರೆ ನಾಲ್ಕು ಜನ ತಲೆ ಕೆರೆದುಕೊಳ್ಳುತ್ತಿದ್ದರು. ವೇಷದ ಗಿರಿಜಮ್ಮ ಎಂದರೆ ಹಾಲಿನವನೂ ಮನೆ ತೋರಿಸುತ್ತಿದ್ದ. ಹತ್ತು ವರ್ಷ ರವಿಕೆ, ಫಾಲ್ಸು, ಯೂನಿಫಾರಮ್ಮು ಎಂದು ಮಿಷನ್ ತುಳಿದವಳು ಅವಳು. ಒಂದು ಸಲ ಪಕ್ಕದ ಮನೆಯ ಮಗುವಿಗೆ ಸ್ಕೂಲ್ ಡೇಗೆಂದು ಗಿಳಿಯ ವೇಷ ಹೊಲಿದುಕೊಟ್ಟಳು. ಮಗು ಕೈ ಎತ್ತಿದರೆ ರೆಕ್ಕೆ ಬಿಚ್ಚುತ್ತಿತ್ತು, ಇಳಿಸಿದರೆ ಮಡಚಿಕೊಳ್ಳುತ್ತಿತ್ತು. ಅಲ್ಲಿಂದ ಶುರುವಾದದ್ದು ಮೊಲ, ಜಿಂಕೆ, ನವಿಲು, ಬದನೆಕಾಯಿ ಎಂದು ಬೆಳೆಯುತ್ತಾ ಹೋಗಿ, ಮನೆಯ ಮುಂದಿನ ಕೋಣೆಯಲ್ಲಿ ಕೂರಲು ಜಾಗವಿಲ್ಲದಂತಾಯಿತು.

ಗಂಡ ಸಿದ್ದಲಿಂಗಸ್ವಾಮಿ ಕಡಕೊಳದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಗಾರ. ಮಠದ ಹಾಸ್ಟೆಲಿನಲ್ಲಿ ಬೆಳೆದವನು. ಬಡಿಸಿದ್ದನ್ನು ಉಂಡು ಏಳುವುದು, ಹೇಳಿದ ಕೆಲಸ ಮಾಡಿ ಮುಗಿಸುವುದು ಅವನಿಗೆ ಅಲ್ಲೇ ರೂಢಿಯಾಗಿತ್ತು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಸಾರಿಗೆ ಉಪ್ಪಿಲ್ಲ ಎಂದು ಒಂದು ದಿನವೂ ಹೇಳಿದವನಲ್ಲ. ಜನ ಅದನ್ನು ಅವಳ ಭಾಗ್ಯವೆಂದರು. ಅವಳಿಗೆ ಮಾತ್ರ ಕೆಲವೊಮ್ಮೆ, ಈ ಮನುಷ್ಯ ಒಂದು ಸಲವಾದರೂ ಜಗಳಕ್ಕೆ ಬರಬಾರದೇ ಅನಿಸುತ್ತಿತ್ತು.

2004ರ ಅಕ್ಟೋಬರಿನಲ್ಲಿ, ವನ್ಯಜೀವಿ ಸಪ್ತಾಹದ ಭಾನುವಾರ, ಕುಪ್ಪಣ್ಣ ಪಾರ್ಕಿನಲ್ಲಿ ವಾಕಿಂಗ್ ಮಾಡುವವರೆಲ್ಲ ಸೇರಿ ಒಂದು ಕಾಡಿನ ಓಟ ಇಟ್ಟುಕೊಂಡರು. ಪ್ರಾಣಿಯೋ ಪಕ್ಷಿಯೋ ಮರವೋ ಆಗಿ ಬರಬೇಕು, ಪಾರ್ಕಿಗೆ ಮೂರು ಸುತ್ತು ಹಾಕಬೇಕು. ಮೊದಲು ಬಂದವರಿಗೆ ಏನೂ ಇಲ್ಲ, ಒಳ್ಳೆಯ ಜೋಡಿ ವೇಷಕ್ಕೆ ಒಂದು ಕಪ್ಪು. ಗಿರಿಜಾಂಬಾಗೆ ಕಪ್ಪಿನ ಆಸೆ ಇರಲಿಲ್ಲ. ತೀರ್ಪುಗಾರರಲ್ಲಿ ಕುವೆಂಪುನಗರದ ಶಾಲೆಯೊಂದರ ಹೆಡ್‌ಮಿಸ್ ಪ್ರೇಮಲೀಲಾ ಇದ್ದರು. "ನಮ್ಮ ಸ್ಕೂಲ್ ಡೇಗೆ ಒಂದು ಇಡೀ ನಾಟಕಕ್ಕೆ ವೇಷ ಬೇಕಮ್ಮ. ಅವತ್ತು ನಿಮ್ಮ ಕೆಲಸ ನೋಡ್ತೀನಿ" ಎಂದು ಅವರು ಹೇಳಿ ಕಳಿಸಿದ್ದರು.

ಅವಳು ಕರಡಿ ಹೊಲಿದಳು. ಕಪ್ಪು ಜೂಲು ಬಟ್ಟೆ, ಮೈ ತುಂಬಿಕೊಳ್ಳಲಿ ಎಂದು ಒಳಗೆ ಹಳೆ ಹಾಸಿಗೆಯ ಸ್ಪಂಜು, ಬೆತ್ತದ ಚೌಕಟ್ಟಿನ ಮೇಲೆ ತಲೆ, ಬಾಯಿಯ ಜಾಗದಲ್ಲಿ ಉಸಿರಾಡಲು, ನೋಡಲು ಕಪ್ಪು ಬಲೆ. ಪಂಜಗಳನ್ನು ತೋಳಿಗೇ ಸೇರಿಸಿ ಹೊಲಿದಿದ್ದಳು. ತಾನು ಮರವಾಗುವುದೆಂದು ಕಂದು ಸೀರೆಯ ಮೇಲೆ ಬೆನ್ನಿಗೆ ಬೆತ್ತದ ಕೊಂಬೆ ಕಟ್ಟಿ ಹಸಿರು ಬಟ್ಟೆಯ ಎಲೆ ಇಳಿಬಿಟ್ಟಿದ್ದಳು. ಕರಡಿ ಆಗಬೇಕಿದ್ದವನು ಅಶೋಕಪುರಂನ ಸಿದ್ದೇಶ, ಅವಳ ಜೊತೆ ಕೂತು ಹುಕ್ಕು ಕಾಜಾ ಮಾಡುವ ಕಮಲಳ ತಮ್ಮ. ಓಟದ ಹಿಂದಿನ ದಿನ ಅವನಿಗೆ ಜ್ವರ ಬಂತು.

ಬೆಳಿಗ್ಗೆ ಸಿದ್ದಲಿಂಗಸ್ವಾಮಿ ರಾತ್ರಿ ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಅವಳು ಬಾಗಿಲಿಗೆ ಬಂದು ವಿಷಯ ಹೇಳಿದಳು.

"ನೀವು ಹಾಕ್ಕೋತೀರಾ? ಬರೀ ಮೂರು ಸುತ್ತು."

ಅವನು ಬಿಡಲು ಹೊರಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ. "ಆಯ್ತು ಬುಡು. ನಡಿ" ಎಂದ. ಕಾಫಿಯನ್ನೂ ಕುಡಿಯಲಿಲ್ಲ.

ಪಾರ್ಕಿನ ಗಾಜಿನ ಮನೆಯ ಹಿಂದೆ ವೇಷ ತೊಡಿಸುವಾಗ ಬೆನ್ನಿನ ಜಿಪ್ಪು ಕಿತ್ತುಕೊಂಡು ಬಂತು. ಸಿದ್ದೇಶ ತೆಳ್ಳಗಿನ ಆಳು, ಇವನದು ಅಗಲ ಬೆನ್ನು. ಗಿರಿಜಾಂಬಾ ದಬ್ಬಳ ತೆಗೆದು, ನಾಲ್ಕೆಳೆ ದಾರಕ್ಕೆ ಮೇಣ ತಿಕ್ಕಿ, ಕಮಲಳಿಗೆ ಬಟ್ಟೆಯನ್ನು ಒತ್ತಿ ಹಿಡಿಯಲು ಹೇಳಿ, ಸೊಂಟದಿಂದ ಕುತ್ತಿಗೆವರೆಗೆ ಹೊಲಿದುಬಿಟ್ಟಳು. ಓಡುವಾಗ ತಲೆ ಕಳಚಿ ಬಿದ್ದರೆ ನಗೆಪಾಟಲು ಎಂದು ಅದನ್ನೂ ಕೊರಳಪಟ್ಟಿಗೆ ಸೇರಿಸಿದಳು. ಸುಮ್ಮನೆ ಹೋಗುವ ಹೊಲಿಗೆಯಲ್ಲ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಎಳೆದರೂ ಬಿಚ್ಚದ ಹೊಲಿಗೆ.

"ಉಸಿರಾಡೋಕೆ ಆಗುತ್ತಾ?"

"ಆಗುತ್ತೆ" ಎಂದು ಕರಡಿಯೊಳಗಿಂದ ದನಿ ಬಂತು.

ಏಳಕ್ಕೆ ಬರಬೇಕಿದ್ದ ಮುಖ್ಯ ಅತಿಥಿ ಬರಲಿಲ್ಲ. ಎಂಟಾಯಿತು, ಎಂಟೂವರೆಯಾಯಿತು. ಹಿಂದಿನ ದಿನ ಮಳೆ ಬಂದು ನಿಂತಿದ್ದರಿಂದ ಬಿಸಿಲು ಚುರುಕಾಗಿತ್ತು. ಹುಲಿ ಆಗಿದ್ದವರು ಮುಖವಾಡ ಎತ್ತಿ ಚುರುಮುರಿ ತಿಂದರು, ಆನೆಯಾಗಿದ್ದ ಇಬ್ಬರು ಆನೆಯಿಂದ ಹೊರಬಂದು ನೆರಳಿಗೆ ಹೋದರು. ಕರಡಿ ಮಾತ್ರ ನಿಂತೇ ಇತ್ತು. ಕುಳಿತರೆ ಬೆನ್ನು ಬಿಗಿಯುತ್ತಿತ್ತು.

"ಬಿಚ್ಚಿಬಿಡಲಾ? ಅವರು ಬಂದಮೇಲೆ ಮತ್ತೆ ಹೊಲೀತೀನಿ" ಎಂದಳು.

"ಮತ್ತೆ ಹೊಲಿಯೋಕೆ ಹೊತ್ತಾಗುತ್ತೆ. ಇರ್ಲಿ ಬುಡು."

ಅವಳಿಗೆ ಒಳಗೊಳಗೇ ಸಮಾಧಾನವಾಯಿತು. ಅದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆದು ತನ್ನನ್ನು ತಾನೇ ಬೈದುಕೊಂಡಳು.

ಒಂಬತ್ತೂಕಾಲಿಗೆ ಅತಿಥಿ ಬಂದರು, ಬಾವುಟ ಬೀಸಿದರು. ಮೊದಲನೇ ಸುತ್ತಿನಲ್ಲಿ ಜನ ಕರಡಿಯನ್ನೇ ನೋಡಿದರು. ಮಕ್ಕಳು ಹಿಂದೆ ಓಡಿಬಂದು ಜೂಲು ಮುಟ್ಟಿದರು. ಶಾಮಿಯಾನದ ಕೆಳಗೆ ಪ್ರೇಮಲೀಲಾ ಕನ್ನಡಕ ಸರಿಮಾಡಿಕೊಂಡು ಪಕ್ಕದವರಿಗೆ ಏನೋ ಹೇಳಿದ್ದನ್ನು ಗಿರಿಜಾಂಬಾ ಕಂಡಳು. ಎರಡನೇ ಸುತ್ತಿನ ಹೊತ್ತಿಗೆ ಕರಡಿಯ ಹೆಜ್ಜೆ ಭಾರವಾಯಿತು, ಎಡಕ್ಕೆ ವಾಲತೊಡಗಿತು. ಅವಳು ಹತ್ತಿರ ಸರಿದು, "ಸಾಕು ಅನ್ಸಿದ್ರೆ ನಿಲ್ಲೋಣ ಕಣ್ರೀ" ಎಂದಳು. ಅವನು ಪಂಜ ಎತ್ತಿದ. ನಡಿ ಎಂದೋ, ನಿಲ್ಲು ಎಂದೋ? ಅವಳು ನಡಿ ಎಂದೇ ತಿಳಿದಳು.

ಮೂರನೇ ಸುತ್ತಿನಲ್ಲಿ, ಸರಿಯಾಗಿ ಶಾಮಿಯಾನದ ಮುಂದೆ, ಕರಡಿ ಮಂಡಿಯೂರಿತು. ಆಮೇಲೆ ಮೆಲ್ಲಗೆ ಮಗ್ಗುಲಾಯಿತು.

ಜನ ಚಪ್ಪಾಳೆ ತಟ್ಟಿದರು. "ನೋಡಿ, ನೋಡಿ, ಓಡಿ ಓಡಿ ಸುಸ್ತಾಗಿ ಕರಡಿ ನಿದ್ದೆಗೆ ಬಿತ್ತು" ಎಂದಿತು ಮೈಕು. ಗಿರಿಜಾಂಬಾಗೆ ಎದೆ ತುಂಬಿ ಬಂತು. ಹದಿನಾಲ್ಕು ವರ್ಷದಲ್ಲಿ ಈ ಮನುಷ್ಯ ಮೊದಲ ಸಲ ಆಟವಾಡುತ್ತಿದ್ದಾನೆ, ಅದೂ ತನಗಾಗಿ, ಆ ಮೇಡಂ ನೋಡಲೆಂದು. ಅವಳೂ ಆಟಕ್ಕೆ ಸೇರಿದಳು. ಕೊಂಬೆಗಳನ್ನು ಚಾಚಿ ಕರಡಿಯ ಮೇಲೆ ಬಾಗಿ ನೆರಳು ಕೊಟ್ಟಳು. ಚಪ್ಪಾಳೆ ಇನ್ನೂ ಜೋರಾಯಿತು.

ಬಾಗಿದಾಗ ಬಲೆಯೊಳಗಿನ ಉಸಿರು ಕೇಳಿಸಿತು. ಸಣ್ಣ ಸಣ್ಣದಾಗಿ, ಬೇಗ ಬೇಗ, ಗೊರಗೊರ ಎನ್ನುತ್ತಾ.

"ರೀ" ಎಂದಳು.

ಅವನು ಎಂಥ ನಿದ್ದೆಯಲ್ಲಿದ್ದರೂ ಆ ಒಂದು ಮಾತಿಗೆ ಹ್ಞೂ ಎನ್ನುತ್ತಿದ್ದ. ಈಗ ಎನ್ನಲಿಲ್ಲ.

"ರೀ, ಮಾತಾಡಿ. ರೀ."

ಅವಳು ಪಂಜ ಹಿಡಿದು ಎಳೆದಳು. ಪಂಜ ಸತ್ತ ಪ್ರಾಣಿಯ ಕಾಲಿನ ಹಾಗೆ ಬಂದು ಮತ್ತೆ ಬಿತ್ತು. "ಯಾರಾದ್ರೂ ಬನ್ನಿ, ಇವರಿಗೇನೋ ಆಗಿದೆ" ಎಂದು ಕೂಗಿದಳು. ಜನ ನಕ್ಕರು. "ಮರ ಅಳ್ತಾ ಇದೆ ನೋಡಿ" ಎಂದಿತು ಮೈಕು. ಕೊಂಬೆಗಳು ಕಣ್ಣಿಗೂ ಕೈಗೂ ಅಡ್ಡ ಬರುತ್ತಿದ್ದವು. ಅವಳು ಬೆನ್ನಿನ ಕಟ್ಟನ್ನು ಕಿತ್ತು ಬೆತ್ತವನ್ನೆಲ್ಲ ಆಚೆ ಎಸೆದಳು, ಸೆರಗು ಜಾರಿದ್ದನ್ನು ನೋಡಲಿಲ್ಲ. ಆಗ ಎದುರಿಗಿದ್ದವರಿಗೆ ಅವಳ ಮುಖ ಕಂಡಿತು. ನಗು ಮುಂದಿನ ಸಾಲಿನಲ್ಲಿ ನಿಂತಿತು, ಹಿಂದಿನ ಸಾಲುಗಳಲ್ಲಿ ಇನ್ನೂ ಇತ್ತು.

ಹುಲಿ ವೇಷದವನೊಬ್ಬ ಓಡಿಬಂದು ಕರಡಿಯ ತಲೆಯನ್ನು ಹಿಡಿದು ತಿರುಚಲು ಹೋದ.

"ಬೇಡ, ಬೇಡ. ಕೊರಳಿಗೆ ಸೇರ್ಸಿ ಹೊಲ್ದಿದೀನಿ. ತಿರುಚಿದ್ರೆ ಕತ್ತು ಬಿಗಿಯುತ್ತೆ. ಮಗುಚಿ ಹಾಕಿ. ಕಮಲಾ, ಕತ್ತರಿ."

ಕತ್ತರಿಯಿದ್ದ ಚೀಲ ಗಾಜಿನ ಮನೆಯ ಹಿಂದಿತ್ತು. ಕಮಲ ಜನರನ್ನು ತಳ್ಳಿಕೊಂಡು ಓಡಿದಳು. ಗಿರಿಜಾಂಬಾ ಬಳೆಯಲ್ಲಿದ್ದ ಪಿನ್ನು ಬಿಚ್ಚಿ ಕರಡಿಯ ಕತ್ತಿನ ಹತ್ತಿರ ಜೂಲಿನಲ್ಲಿ ಬೆರಳಾಡಿಸಿದಳು. ಗಂಟು ಹಾಕಿದವಳು ತಾನೇ, ಸಿಕ್ಕಿತು. ಪಿನ್ನಿನಿಂದ ಎಬ್ಬಿಸಿ ಹಲ್ಲಿನಿಂದ ಕಡಿದಳು. ಬೇರೆ ಯಾವ ಹೊಲಿಗೆಯಾಗಿದ್ದರೂ ಅಷ್ಟಕ್ಕೇ ಸರ್ರನೆ ಎಳೆದು ತೆಗೆಯಬಹುದಿತ್ತು. ಇದು ಬರಲಿಲ್ಲ. ಪ್ರತಿಯೊಂದನ್ನೂ ಎಬ್ಬಿಸಬೇಕು, ಪ್ರತಿಯೊಂದನ್ನೂ ಕಡಿಯಬೇಕು. ಜೂಲು ಬಾಯಿಗೆ ಹೋಗುತ್ತಿತ್ತು, ಪಿನ್ನು ಬೆರಳಿಗೆ ಚುಚ್ಚುತ್ತಿತ್ತು. ಇಷ್ಟು ವರ್ಷ ತನ್ನ ಹೊಲಿಗೆ ಬಿಚ್ಚುವುದಿಲ್ಲವೆಂದು ಹೇಳಿಕೊಂಡು ತಿರುಗಿದ ಬಾಯಿಯಲ್ಲೇ ಅದನ್ನು ಕಚ್ಚಿ ಹರಿಯುತ್ತಿದ್ದಳು. ಐದನೆಯದು. ಆರನೆಯದು. ತುಟಿ ಸೀಳಿ ದಾರ ಕೆಂಪಾಯಿತು. ಬಟ್ಟೆಯ ಕೆಳಗಿನ ಬೆನ್ನು ಏರಿಳಿಯುತ್ತಿದೆಯೇ ಎಂದು ಕೆನ್ನೆ ಒತ್ತಿ ನೋಡಿದಳು. ಸ್ಪಂಜು ದಪ್ಪವಾಗಿತ್ತು, ಏನೂ ತಿಳಿಯಲಿಲ್ಲ.

ಗೇಣುದ್ದ ಬಿಟ್ಟುಕೊಂಡಾಗ ಒಳಗಿನ ಬಿಸಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಅವಳ ಮುಖಕ್ಕೆ ಹೊಡೆಯಿತು. ಅಷ್ಟರಲ್ಲಿ ಕಮಲ ಬಂದಳು. ಗಿರಿಜಾಂಬಾ ಎಡಗೈಯನ್ನು ಗಂಡನ ಬೆನ್ನಿಗೂ ಬಟ್ಟೆಗೂ ನಡುವೆ ತೂರಿಸಿ, ಕತ್ತರಿಯ ಅಲಗು ತನ್ನ ಕೈಗೆ ತಾಗಿದರೂ ಅವನಿಗೆ ತಾಗದಂತೆ ಸೊಂಟದವರೆಗೆ ಕತ್ತರಿಸಿದಳು. ನಾಲ್ಕು ಜನ ಸೇರಿ ಅವನನ್ನು ಹೊರಗೆಳೆದರು. ಮುಖ ಕೆಂಪಗೆ ಕುದಿಯುತ್ತಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ವಾಕಿಂಗ್ ಗುಂಪಿನ ನಂಜುಂಡಯ್ಯ ಎಂಬ ಹಳೆಯ ಕಾಂಪೌಂಡರ್ ಜನರನ್ನು ಹಿಂದೆ ಸರಿಸಿ, ಗಿಡಕ್ಕೆ ನೀರು ಹಾಕುವ ಪೈಪು ತರಿಸಿ ತಲೆಯಿಂದ ಕಾಲಿನವರೆಗೆ ನೀರು ಬಿಟ್ಟರು.

"ಉಸಿರಿದೆ ಕಣಮ್ಮ. ಆಟೋ ತರ್ಸಿ, ತಡ ಮಾಡ್ಬೇಡಿ."

ದೊಡ್ಡಾಸ್ಪತ್ರೆಯಲ್ಲಿ ಎರಡು ಬಾಟಲು ಡ್ರಿಪ್ಪು ಇಳಿಯುವವರೆಗೆ ಅವಳು ಒದ್ದೆ ಸೀರೆಯಲ್ಲೇ ನಿಂತಿದ್ದಳು. ಡ್ಯೂಟಿ ಡಾಕ್ಟರು, ಚಿಕ್ಕ ವಯಸ್ಸಿನ ಹುಡುಗಿ, ಕೇಸ್ ಶೀಟಿನಿಂದ ತಲೆ ಎತ್ತಿ ಕೇಳಿದಳು: "ಇವರನ್ನ ಅದರೊಳಗೆ ಹಾಕಿ ಹೊಲಿದದ್ದು ಯಾರಮ್ಮ?"

"ನಾನೇ" ಎಂದಳು ಗಿರಿಜಾಂಬಾ.

ಡಾಕ್ಟರು ಕೇಸ್ ಶೀಟು ಕೆಳಗಿಟ್ಟಳು. ಹತ್ತಿಯಿಂದ ಅವಳ ತುಟಿ ಒರೆಸಿ ಮುಲಾಮು ಹಚ್ಚಿದಳು.

ಮೂರು ಗಂಟೆಗೆ ಅವನು ಕಣ್ಣು ಬಿಟ್ಟ. ಅವಳು ಹತ್ತಿರ ಹೋಗಿ ಕುಳಿತಳು. ಅಳುವೂ ಸಿಟ್ಟೂ ಒಟ್ಟಿಗೇ ಬಂತು.

"ಆಗಲ್ಲ ಅನ್ನೋಕೆ ನಿಮಗೆ ಬಾಯಿಲ್ವಾ?"

ಅವನು ಹಾಸಿಗೆಯ ಮೇಲಿದ್ದ ಕೈಯನ್ನು ಸ್ವಲ್ಪ ಎತ್ತಿದ. "ಎರಡನೇ ಸುತ್ತಲ್ಲಿ ಕೈ ಎತ್ತಿದ್ನಲ್ಲ" ಎಂದ. "ನಿಲ್ಸು ಅಂತಲೇ ಎತ್ತಿದ್ದು."

ಅವಳು ಅವನ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಸಂಜೆಯವರೆಗೂ ಬಿಡಲಿಲ್ಲ.

ಬಹುಮಾನದ ಕಪ್ಪು ಆನೆಯ ಜೋಡಿಗೆ ಹೋಯಿತೆಂದು ಕಮಲ ಹೇಳಿದಳು. ಗಿರಿಜಾಂಬಾ ಮೂರು ವಾರ ಮಿಷನ್ನಿನ ಮೇಲಿನ ಬಟ್ಟೆ ತೆಗೆಯಲಿಲ್ಲ. ನಾಲ್ಕನೇ ವಾರ ಪ್ರೇಮಲೀಲಾ ತಾವೇ ಮನೆ ಹುಡುಕಿಕೊಂಡು ಬಂದರು. ಹದಿನಾರು ವೇಷ ಬೇಕು ಎಂದರು. ಬೇಡವೆನ್ನಲು ಬಾಯಿ ತೆರೆದವಳು ಒಳಗೆ ಹೋಗಿ ಗಂಡನನ್ನು ಕೇಳಿದಳು. "ನಂಗೆ ಆ ಕರಡಿ ಮನೇಲಿರೋದು ಇಷ್ಟ ಇಲ್ಲ" ಎಂದ ಅವನು. "ಬಾಕಿದ್ದು ನಿನ್ನಿಷ್ಟ." ಕರಡಿಯನ್ನು ಅವಳು ಅವತ್ತು ಸಂಜೆಯೇ ಬಿಚ್ಚಿ ತುಂಡು ಮಾಡಿದಳು. ಅದಕ್ಕೆ ಮೊದಲು ಹೊರಗೆ ಬಂದು, "ಒಂದು ಷರತ್ತು ಮೇಡಂ" ಎಂದಳು. "ಯಾವ ವೇಷಾನೂ ಮಗು ತಾನೇ ಬಿಚ್ಚಿಕೊಳ್ಳೋ ಹಾಗಿರುತ್ತೆ. ಎಲ್ಲಾ ಮುಂದ್ಗಡೆ, ಒತ್ತಿದ್ರೆ ಅಂಟೋ ಪಟ್ಟಿ. ನೋಡೋಕೆ ಸ್ವಲ್ಪ ಕಮ್ಮಿ ಆಗ್ಬೋದು."

ರಿಹರ್ಸಲ್ ದಿನ ಅವಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ವೇಷ ತೊಡಿಸಿ, "ಈಗ ನೀನೇ ತೆಗಿ ನೋಡೋಣ" ಎಂದು ಗಡಿಯಾರ ಹಿಡಿದು ನಿಂತಳು. ಎಲ್ಲರೂ ತೆಗೆದರು. ಕೊನೆಯಲ್ಲಿದ್ದ ಬಿಂದುಶ್ರೀ ಎಂಬ ಒಂದನೇ ಕ್ಲಾಸಿನ ಹುಡುಗಿ ಮಾತ್ರ ಅಳಿಲಿನ ಬಾಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು, "ನಾ ತೆಗೆಯಲ್ಲ" ಎಂದಳು. ಗಿರಿಜಾಂಬಾ ಬಲವಂತ ಮಾಡಲಿಲ್ಲ. ಸ್ಟೇಜಿನ ಮೆಟ್ಟಿಲ ಮೇಲೆ ಕುಳಿತು, ಹುಡುಗಿಗೆ ಮನಸ್ಸು ಬರುವವರೆಗೆ ಕಾದಳು.