ಜಾಳಿಗೆಗೆ ಸಿಕ್ಕ ಕಾಯಿ

ನಮ್ಮೂರ ಡ್ಯಾಮು ನೋಡಿ ಯಾರೂ ಬೆರಗಾಗುವುದಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಗಾಡಿಯ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದಾಗ, "ಇಷ್ಟ ಏನ್ರಿ?" ಎಂದುಬಿಟ್ಟಿದ್ದೆ. ಮುಧೋಳದ ಹತ್ತಿರ ಘಟಪ್ರಭೆಗೆ ಅಡ್ಡ ಕಟ್ಟಿದ ಗಿಡ್ಡ ಗೋಡೆ, ಅದರ ಒಂದು ತುದಿಗೆ ಪವರ್‌ಹೌಸು, ಒಳಗೆ ಎರಡು ಮಷೀನು. ಅವರು ಅಲ್ಲಿ ಆಪರೇಟರು. ಪಾಪ, ಮುಖ ಸಣ್ಣದಾಯಿತು.

"ಸಣ್ಣದಾದ್ರ ಏನಾತು? ನಿಮ್ಮ ಊರಿನ ಮಗ್ಗಕ್ಕೂ ಇಲ್ಲಿಂದನ ಕರೆಂಟ ಹೊಕ್ಕೈತಿ" ಎಂದರು.

ನಾನು ರಬಕವಿಯ ನೇಕಾರರ ಮಗಳು. ಕರೆಂಟು ಹೋದರೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚುವುದನ್ನು ಕೇಳುತ್ತಲೇ ಬೆಳೆದವಳು. "ಹಂಗಾದ್ರ ದಿನಾ ಕರೆಂಟ ತಗೀತಿದ್ದವ್ರು ನೀವ ಅನ್ರಿ" ಎಂದೆ. ಅವರು ಗಾಡಿಯನ್ನು ಮನೆ ಕಡೆ ತಿರುಗಿಸಿಬಿಟ್ಟರು. ನನ್ನ ನಾಲಿಗೆ ಹಾಗೆ, ತವರಿನಲ್ಲೂ ಬೈಸಿಕೊಂಡದ್ದೇ.

ಆ ಕೆಲಸದಲ್ಲಿ ಮಷೀನಿಗಿಂತ ಹೆಚ್ಚು ಕಾಡುವುದು ಕಸ. ಹೊಳೆಯ ನೀರು ಮಷೀನಿಗೆ ಹೋಗುವ ಬಾಯಿಗೆ ಕಬ್ಬಿಣದ ದೊಡ್ಡ ಜಾಳಿಗೆ ಕೂರಿಸಿದ್ದಾರೆ. ಮಳೆಗಾಲದಲ್ಲಿ ಕಬ್ಬಿನ ರವದಿ, ಅಂತರಗಂಗೆ, ಹರಿದ ಚಪ್ಪಲಿ, ಎಲ್ಲ ಬಂದು ಅದಕ್ಕೆ ಅಂಟಿಕೊಳ್ಳುತ್ತವೆ. ಉದ್ದ ಹಲ್ಲಿನ ಕೋಲಿನಿಂದ ಎಳೆದು ದಂಡೆಗೆ ಹಾಕದಿದ್ದರೆ ನೀರು ಸಾಲದೆ ಮಷೀನು ನಿಂತೇಬಿಡುತ್ತದೆ. ಶ್ರಾವಣ ಬಂತೆಂದರೆ ತೆಂಗಿನಕಾಯಿಗಳ ಕಾಟ. ಹೊಳೆ ತುಂಬಿದಾಗ ನಮ್ಮ ಕಡೆ ಹೆಂಗಸರು ಗಂಗವ್ವನಿಗೆ ಉಡಿ ತುಂಬುತ್ತಾರೆ. ಖಣ, ಬಳೆ, ಅರಿಷಿಣ, ಕುಂಕುಮ, ಅಕ್ಕಿ, ಕಾಯಿ ನೀರಿಗೆ ಬಿಟ್ಟು ಕೈಮುಗಿಯುತ್ತಾರೆ. ಬಿಡಲು ಮೆಟ್ಟಿಲಿರುವ ಜಾಗ ಬೇಕು, ಮೆಟ್ಟಿಲಿರುವುದು ಡ್ಯಾಮಿನ ಮೇಲಿನ ಮಗ್ಗುಲಿಗೆ. ಬಿಟ್ಟ ಕಾಯಿ ತೇಲುತ್ತ ಬಂದು ನೆಟ್ಟಗೆ ಜಾಳಿಗೆಗೆ ಬಡಿಯುತ್ತದೆ. ಪವರ್‌ಹೌಸಿನವರು ಚಲೋ ಕಾಯಿಗಳನ್ನು ಆರಿಸಿ ಹಂಚಿಕೊಳ್ಳುತ್ತಿದ್ದರು. ನನ್ನ ಗಂಡ ಮಾತ್ರ ಒಂದನ್ನೂ ತಂದವರಲ್ಲ. ದೇವರಿಗೆ ಕೊಟ್ಟದ್ದನ್ನು ಮನೆಗೆ ತಂದರೆ ಅತ್ತೆ ಕಾಯಿಯ ಜೊತೆ ಮಗನ ತಲೆಯನ್ನೂ ಒಡೆದಾರೆಂಬ ಅಂಜಿಕೆ.

ನನಗೆ ಎರಡು ಸಲ ಬಸಿರು ನಿಂತು ಎರಡೂ ಸಲ ಉಳಿದಿರಲಿಲ್ಲ. ಎರಡನೆಯದು ಕೈಕಾಲು ಆಡಿಸುತ್ತಿದ್ದದ್ದು, ಏಳರಲ್ಲಿ ಸುಮ್ಮನಾಯಿತು. ಮೂರನೆಯ ಸಲ ಏಳನೇ ತಿಂಗಳು ಬಿದ್ದದ್ದು ಶ್ರಾವಣದಲ್ಲಿ. ಮನೆಯಲ್ಲಿ ಯಾರೂ ಕೂಸಿನ ಮಾತೆತ್ತುತ್ತಿರಲಿಲ್ಲ. ಕಣ್ಣು ಬಿದ್ದೀತೆಂದು ಅತ್ತೆ ಬಸುರಿಗೆ ಮಾಡುವ ಕುಬಸವನ್ನೂ ಬೇಡವೆಂದಿದ್ದರು. ನಾನು ಒಂದು ರೊಟ್ಟಿ ಬಡಿದು ಹೊಟ್ಟೆ ಮುಟ್ಟಿ ನೋಡುತ್ತಿದ್ದೆ, ಒಳಗೆ ಮಿಸುಕಿದ ಮೇಲೆಯೇ ಮುಂದಿನ ರೊಟ್ಟಿ. ಸೀರೆಯೆಲ್ಲ ಹಿಟ್ಟಾಗುತ್ತಿತ್ತು.

ಬಸುರಿ ತುಂಬಿದ ಹೊಳೆಗೆ ಹೋಗಬಾರದಂತೆ. ಹಾಗಾಗಿ ನನ್ನ ಪರವಾಗಿ ಅತ್ತೆಯೇ ಉಡಿ ತುಂಬಲು ಹೊರಟರು. "ಕಾಯಿಗೆ ನೀನ ನೂಲ ಸುತ್ತವಾ. ನಿನ್ನ ಕೈಯಾಗಿಂದು ಆಕಿಗೆ ಮುಟ್ಲಿ" ಎಂದರು. ತವರಿನಿಂದ ಬಂದ ಹಸಿರು ನೂಲನ್ನು ಕಾಯಿಯ ಜುಟ್ಟಿಗೆ ಸುತ್ತಿ, ಮಗ್ಗದಲ್ಲಿ ಎಳೆ ಕಡಿದಾಗ ನಮ್ಮ ಅಪ್ಪ ಹಾಕುತ್ತಿದ್ದ ಗಂಟು ಹಾಕಿದೆ. ಇದೊಂದನ್ನು ಉಳಿಸಿಕೊಡವ್ವಾ ಎಂದು ಬೇಡಿಕೊಂಡು ಕೊಟ್ಟೆ. ಸಂಜೆ ಮರಳಿ ಬಂದ ಅತ್ತೆ, "ಹೋತವಾ. ತಿರುಗಿ ಸೈತ ನೋಡ್ಲಿಲ್ಲ, ಹಂಗ ಹೋತು" ಎಂದರು. ಎಷ್ಟೋ ದಿನಗಳ ಮೇಲೆ ಅವತ್ತು ಹೊಟ್ಟೆ ತುಂಬ ಉಂಡೆ.

ಹೆಂಗಸರ ಈ ವ್ಯವಹಾರ ಗಂಡನಿಗೆ ಗೊತ್ತಿರಲಿಲ್ಲ, ಅವರು ಡ್ಯೂಟಿಯಲ್ಲಿದ್ದರು. ಅವರಿಗೆ ಗೊತ್ತಿದ್ದದ್ದು ಒಂದೇ, ಬೆಲ್ಲದ ಜೊತೆ ಹಸಿ ಕೊಬ್ಬರಿ ತಿನ್ನಬೇಕೆನಿಸುತ್ತಿದೆ ಎಂದು ನಾನು ಅಂದಿದ್ದು. ಮರುದಿನ ಮುಂಜಾನೆ ಮನೆಗೆ ಬಂದವರೇ ಅತ್ತಿತ್ತ ನೋಡಿ, ಕೈಚೀಲದಿಂದ ಕಾಯಿ ತೆಗೆದು ನನ್ನ ಕೈಗಿಟ್ಟರು. ಮುಖದಲ್ಲಿ ಕಳ್ಳ ನಗೆ.

"ನಿನಗಂತ ತಂದೇನಿ. ಲಗೂ ಮುಚ್ಚಿಡು, ಯವ್ವ ನೋಡ್ಯಾಳು."

ಜುಟ್ಟಿನಲ್ಲಿ ಹಸಿರು ನೂಲಿತ್ತು. ಗಂಟು ನನ್ನದೇ.

ನೆಲ ಹಿಡಿದು ಕುಳಿತೆ. "ಹೊಳಿ ಒಲ್ಲೆ ಅಂತ್ರಿ, ತಿರುಗಿ ಕಳಿಸಿತು" ಎಂದಷ್ಟೇ ಹೇಳಲಾಯಿತು. ಅವರಿಗೆ ತಲೆ ಬುಡ ತಿಳಿಯಲಿಲ್ಲ. ನನ್ನ ದನಿ ಕೇಳಿ ಅತ್ತೆ ಹಿತ್ತಲಿನಿಂದ ಓಡಿ ಬಂದರು. ಕಾಯಿ ನೋಡಿದರು, ನೂಲು ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಎದೆ ಬಡಿದುಕೊಂಡರೆ ನನ್ನ ಕತೆ ಮುಗಿಯಿತು ಎಂದು ಖರೆಯಾಗಿ ಅನಿಸಿತ್ತು. ಸೀನಿದರೆ ಹೊರಟವರನ್ನು ಕೂರಿಸುವ ಹೆಂಗಸು ಅದು.

ಅತ್ತೆ ಸೆರಗು ಸಿಕ್ಕಿಸಿಕೊಂಡು ನನ್ನ ಎದುರಿಗೆ ಕುಳಿತರು.

"ಹುಚ್ಚಿ, ಯಾಕ ಅಳ್ತಿ? ಉಡಿ ತುಂಬಿಸ್ಕೊಂಡಾಕಿ ಎಲ್ಲಾ ಕಟಗೊಂಡ ಹೊಕ್ಕಾಳೇನ? ನೀ ತವರಾಗ ಉಡಿ ತುಂಬಿಸ್ಕೊಂಡ ಬರೂಮುಂದ ಏನ ಮಾಡ್ತಿ?"

"ಉಡ್ಯಾಗಿಂದ ಒಂದ ಹಿಡಿ ಅಕ್ಕಿ ತಿರುಗಿ ಇಡ್ತೇನ್ರಿ ಅತ್ತೇರ."

"ಮತ್ತ? ತುಂಬಿದವರ ಮನಿ ಬರಿದಾಗಬಾರದಂತ ಇಡ್ತೀವಿಲ್ಲೊ? ಗಂಗವ್ವಗ ಅಷ್ಟ ರೀತಿ ಗೊತ್ತಿಲ್ಲೇನ? ಖಣ ಇಟಗೊಂಡ್ಳು, ಬಳಿ ಇಟಗೊಂಡ್ಳು, ಕಾಯಿ ನಿನಗ ಕಳಿಸ್ಯಾಳ. ಅದೂ ಕೂಸಿನ ಅಪ್ಪನ ಕೈಯಾಗ."

ಅಲ್ಲೇ ಒರಳಿಗೆ ಕಾಯಿ ಒಡೆದರು. ಹೋಳು ಬೆಳ್ಳಗಿತ್ತು. ಬೆಲ್ಲ ಹಚ್ಚಿ ನನ್ನ ಬಾಯಿಗಿಟ್ಟು, ಮಗನ ಕಡೆ ತಿರುಗಿ, "ಖೋಡಿ, ಏನ ನೋಡ್ಕೋತ ನಿಂತಿ, ಮಾರಿ ತೊಳಕೋ ಹೋಗ" ಎಂದು ಗದರಿದರು. ಆಮೇಲೆ ದನಕ್ಕೆ ನೀರು ಕುಡಿಸಬೇಕೆಂದು ಹಿತ್ತಲಿಗೆ ಹೋದರು.

ನಾನು ನಂಬಿದೆ. ಪೂರಾ ನಂಬಿದೆ. ಹೊಟ್ಟೆ ಬಿಗಿ ಹಿಡಿದಾಗಲೆಲ್ಲ, ಹೊಳೆ ನನಗೆ ಪಾಲು ಕೊಟ್ಟಿದೆ ಎಂದುಕೊಂಡು ತಡೆದುಕೊಂಡೆ. ದವಾಖಾನೆಯ ಗುಳಿಗೆಯನ್ನೂ ನುಂಗಿದೆ, ಅದನ್ನೇನೂ ಬಿಟ್ಟಿರಲಿಲ್ಲ.

ದಿನ ತುಂಬಿದ ಮೇಲೆ ಜಮಖಂಡಿಯ ದವಾಖಾನೆಯಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು. ವಾರ್ಡು ಕೇಳುವಂತೆ ಅತ್ತಳು. ಗಂಡ ಪೇಢೆ ತರಲು ಹೋದಾಗ ಅತ್ತೆ ನನ್ನ ಮಂಚದ ಪಕ್ಕ ಕುಳಿತು, ತೊಡೆಯ ಮೇಲಿನ ಮೊಮ್ಮಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು:

"ತಂಗೀ, ಹೊಳಿ ಉಡಿ ತಿರುಗಿ ಕೊಡ್ತೈತಿ ಅನ್ನೂದು ನಾ ಎಲ್ಲೂ ಕೇಳಿಲ್ಲವಾ. ನಮ್ಮ ಅವ್ವ ಹೇಳಿದ್ದು ಬ್ಯಾರೇನ. ತಿರುಗಿ ಬಂದ್ರ ಕೆಟ್ಟ ಅಂತಿದ್ಲು."

"ಮತ್ತ ಅವತ್ತ ಹಂಗ್ಯಾಕ ಅಂದ್ರಿ?"

"ನೀ ನನ್ನ ಮಾರಿ ನೋಡಾಕತ್ತಿದ್ದಿ. ಏನರ ಅನ್ನಬೇಕಾಗಿತ್ತು." ಕೂಸಿಗೆ ಹೊದಿಸಿದ ಅರಿವೆ ಸರಿಮಾಡಿ, "ಹಿತ್ತಲಕ ಹೋಗಿ ಬಾಯಾಗ ಸೆರಗ ತುರಕೊಂಡ ಅತ್ತೇನಿ. ಈ ಕೂಸು ಅಳೂತನಾ ನಂಗ ಅನ್ನ ಸೇರಿಲ್ಲ" ಎಂದರು.

ಅಷ್ಟು ದಿನ ನಾನು ನಿಶ್ಚಿಂತೆಯಿಂದ ಉಂಡಿದ್ದೆ. ನನ್ನ ಹೆದರಿಕೆಯನ್ನೂ ಸೇರಿಸಿ ಇಬ್ಬರದನ್ನೂ ಅವರೊಬ್ಬರೇ ಹೊತ್ತಿದ್ದರು, ನನಗೊಂದು ಸುಳಿವೂ ಹತ್ತಿರಲಿಲ್ಲ. ಎದ್ದು ಕೂರುವ ಹಾಗಿರಲಿಲ್ಲ, ಹೊಲಿಗೆ ಇನ್ನೂ ಹಸಿ. ಮಲಗಿದಲ್ಲಿಂದಲೇ ಕೈ ಚಾಚಿ ಅವರ ಸೆರಗು ಹಿಡಿದುಕೊಂಡು ಅತ್ತುಬಿಟ್ಟೆ. ಹಡೆದವ್ವನ ಮುಂದೂ ನಾನು ಹಾಗೆ ಅತ್ತವಳಲ್ಲ.