ಬೀಡಿ ಕಟ್ಟುವ ಜಗಲಿ

ಅಮ್ಮ ನನ್ನನ್ನು "ಟೀಚರೇ" ಎಂದು ಕರೆಯತೊಡಗಿ ಎರಡು ವರ್ಷವಾಯಿತು. ನಾನು ಟೀಚರ್ ಹೌದು, ಆದರೆ ಅವಳ ಮಟ್ಟಿಗೆ ಯಾರದೋ ಮನೆಯವಳು. ಒಂದೇ ಒಂದು ಸಲ ಮಗಳೆಂದು ಗುರುತಿಸಲಿ ಎಂಬ ಆಸೆಗೆ ಅವಳನ್ನು ಮೂಡುಬಿದಿರೆಯ ಕಾಲೇಜೊಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕಣ್ಣಿಗೊಂದು ಪೆಟ್ಟಿಗೆ ಕಟ್ಟಿ, ಕೈಗೆ ಗ್ಲೌಸ್ ಹಾಕಿ, ಕಂಪ್ಯೂಟರಿನಲ್ಲಿ ಕಟ್ಟಿದ ಹಳೆಯ ಜಾಗ ತೋರಿಸುತ್ತಾರಂತೆ. ಅಲ್ಲಿ ಮುಟ್ಟಿದ್ದೆಲ್ಲ ಕೈಗೂ ತಿಳಿಯುತ್ತದಂತೆ.

ಸಿದ್ಧಕಟ್ಟೆಯ ನಮ್ಮ ಜಗಲಿಯನ್ನು ಮಾಡಿಕೊಡಿ ಎಂದೆ. ರಸ್ತೆ ಅಗಲ ಮಾಡುವಾಗ ಕೆಡವಿದ ಆ ಮನೆಯಲ್ಲಿ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದ್ದಳು. ನನ್ನ ಜ್ಞಾಪಕಶಕ್ತಿಯ ಬಗ್ಗೆ ನನಗೆ ಸ್ವಲ್ಪ ಜಂಬ. ಕಾವಿ ನೆಲ, ಮಡಿಲಲ್ಲಿ ಮೊರ, ಒದ್ದೆ ಎಲೆ, ಕತ್ತರಿ, ನೂಲಿನ ಉಂಡೆ, ಗೂಡಿನ ರೇಡಿಯೋ, ಒಂದೂ ಬಿಡದೆ ಹೇಳಿದೆ.

"ಇನ್ನೆಂತಾದ್ರೂ ಉಂಟಾ ಟೀಚರ್?" ಎಂದು ಅಲ್ಲಿಯ ಉಪನ್ಯಾಸಕಿ ಕೇಳಿದಳು.

"ಇಲ್ಲ, ಎಲ್ಲ ಹೇಳಿ ಆಯ್ತು."

ತಿಂಗಳ ನಂತರ ಪೆಟ್ಟಿಗೆ ಕಟ್ಟಿ, ಗ್ಲೌಸ್ ಹಾಕಿ ಅಮ್ಮನನ್ನು ಆ ಜಗಲಿಯಲ್ಲಿ ಕೂರಿಸಿದರು. ಬರಿಗಾಳಿಯಲ್ಲಿ ಅವಳ ಬೆರಳುಗಳು ಎಲೆ ಸುರುಟಿದವು, ತುದಿ ಮಡಚಿದವು, ನೂಲು ಸುತ್ತಿದವು. ನನಗೆ ಅಳು ಬಂತು. ಅಷ್ಟರಲ್ಲಿ ಎಡಗೈ ಮೊಣಕಾಲಿನ ಪಕ್ಕದ ನೆಲವನ್ನು ತಡಕಿತು. ಮತ್ತೆ ತಡಕಿತು.

"ಬಾಲೆ ಎಲ್ಲಿ? ಇಲ್ಲೇ ಮಲಗಿಸಿದ್ದೆನಲ್ಲ."

ಆ ಮೊಣಕಾಲಿಗೆ ತಲೆಯಾನಿಸಿ ಮಲಗುತ್ತಿದ್ದ ಮಗು ನಾನೇ. ಅಲ್ಲಿಂದ ಕಂಡದ್ದನ್ನೆಲ್ಲ ಹೇಳಿದ್ದೆ, ನನ್ನನ್ನೇ ಸೇರಿಸಿರಲಿಲ್ಲ. ಓಡಿಹೋಗಿ ಅವಳ ಕೈಯಡಿಗೆ ತಲೆಯೊಡ್ಡಿದೆ. ಅವಳು ನನ್ನ ಕನ್ನಡಕವನ್ನೂ ತುರುಬನ್ನೂ ಮುಟ್ಟಿ ನೋಡಿ, ದೂರ ತಳ್ಳಿ, "ಬಾಲೆ, ಬಾಲೆ" ಎಂದು ಎದ್ದು ನಿಂತಳು. ಪೆಟ್ಟಿಗೆ ಬಿಚ್ಚಿದ ಮೇಲೂ ಅಲ್ಲಿಯ ಮೇಜು ಕುರ್ಚಿಗಳಡಿ ಹುಡುಕಿದಳು.

"ಮುಂದಿನ ಸಲ ಮಗುವನ್ನೂ ಸೇರಿಸುವ" ಎಂದಳು ಉಪನ್ಯಾಸಕಿ, ಪಾಪ. ಮುಂದಿನ ಸಲ ನಾವು ಹೋಗಲಿಲ್ಲ.

ಮೊದಲು ಅಮ್ಮನಿಗೆ ಮಗಳಿದ್ದಾಳೆಂಬುದೇ ಮರೆತಿತ್ತು, ನೆಮ್ಮದಿಯಿಂದ ಉಂಡು ಮಲಗುತ್ತಿದ್ದಳು. ಆ ನೆಮ್ಮದಿಯನ್ನು ಕೆಡಿಸಿದವಳು ನಾನೇ. ಈಗ ದಿನಾ ಮಂಚದಡಿ, ಬಾಗಿಲ ಹಿಂದೆ ಹುಡುಕುತ್ತಾಳೆ. ಶಾಲೆಯಿಂದ ಬಂದು ನಾನು ಚಪ್ಪಲಿ ಬಿಡುವುದನ್ನೇ ಕಾದಿರುತ್ತಾಳೆ.

"ಟೀಚರೇ, ದಾರಿಯಲ್ಲಿ ನನ್ನ ಬಾಲೆ ಕಂಡಿತಾ?"

"ಇಲ್ಲ ಅಮ್ಮ, ಹುಡುಕುವ" ಎಂದು ಅವಳ ಕೈಹಿಡಿದು ಅಂಗಳಕ್ಕಿಳಿಯುತ್ತೇನೆ.