ಬಟ್ಟೆ ಕಿತ್ತ ರೆಕ್ಕೆಗಳು

ಹೋದ ವಾರ ಬಾಗಲಕೋಟೆಯ ನವನಗರದಲ್ಲಿ ಒಂದು ಗ್ಯಾರೇಜಿಗೆ ಹೋಗಿದ್ದೆ. ಕಾರಿನ ಬಾಗಿಲಿಗೆ ಬಿದ್ದಿದ್ದ ಗೀರಿಗೆ ಬಣ್ಣ ಹಚ್ಚಿಸಬೇಕಿತ್ತು. ಪೇಂಟರ್ ಡಬ್ಬಿಯ ಮುಚ್ಚಳ ಎಬ್ಬಿಸಿದ ಕೂಡಲೇ ಥಿನ್ನರಿನ ವಾಸನೆ ಮೂಗಿಗೆ ಅಡರಿತು. ಉಳಿದವರಿಗೆ ಅದು ಬಣ್ಣದ ವಾಸನೆ. ನನಗೆ ಅದು ಅಕ್ಕನ ಗಂಡನ ಸಿಟ್ಟಿನ ವಾಸನೆ… ಅಲ್ಲಿ ನಿಲ್ಲಲಾಗದೆ ರಸ್ತೆಗೆ ಬಂದು ನಿಂತೆ.

ಅವನು ಸತ್ತು ವರ್ಷವಾಯಿತು. ಹೋದವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಒಳ್ಳೆಯದು ಆಡೋಣವೆಂದರೆ ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಬದುಕಿದ್ದಾಗ ಎದುರಿಗೆ ‘ಮಾಮಾ’ ಎಂದು, ಮಾತಿಗೊಂದು ‘ರಿ’ ಹಚ್ಚಿ ಮಾತಾಡಿಸಿದ್ದೇನೆ. ಇಲ್ಲಿ ಬರೆಯುವಾಗ ಆ ಮರ್ಯಾದೆ ಕೊಡಲು ಮನಸ್ಸು ಬರುತ್ತಿಲ್ಲ.

ಅವನು ವಾಯುಪಡೆಯಲ್ಲಿದ್ದ. ಹಾರಿಸುವ ಕೆಲಸವಲ್ಲ, ವಿಮಾನಗಳ ಮೈ ರಿಪೇರಿ ಮಾಡುವ ಕೆಲಸ. ನಿವೃತ್ತನಾಗಿ ಬಂದು ಹುನಗುಂದದ ಹೊರಗೆ, ಇಳಕಲ್ ರಸ್ತೆಯ ಪಕ್ಕ ಮನೆ ಕಟ್ಟಿಸಿದ. ಮನೆಗಿಂತ ಎತ್ತರವಾದ ತಗಡಿನ ಶೆಡ್ಡೊಂದನ್ನು ಹಿತ್ತಲಲ್ಲಿ ಎಬ್ಬಿಸಿದ. ಯಾಕೆಂದು ಯಾರಿಗೂ ಹೇಳಲಿಲ್ಲ. ಒಂದು ದಿನ ಮುಂಬಯಿ ಬಂದರಿನಿಂದ ಲಾರಿ ಬಂತು. ಉದ್ದುದ್ದ ಕಟ್ಟಿಗೆಯ ಪೆಟ್ಟಿಗೆಗಳು. ಕಲ್ಲು ಪಾಲಿಶ್ ಮಾಡುವ ಹೊಸ ಮಷೀನು ಬಂತೆಂದು ಓಣಿಯವರೆಲ್ಲ ತಿಳಿದರು. ಪೆಟ್ಟಿಗೆ ಒಡೆದಾಗ ಒಳಗಿದ್ದದ್ದು ಬಿಡಿಬಿಡಿಯಾದ ಒಂದು ಸಣ್ಣ ವಿಮಾನ. ಇಬ್ಬರು ಅಕ್ಕಪಕ್ಕ ಕೂರುವಂಥದ್ದು. ಕೊಳವೆ, ಪಟ್ಟಿ, ರಿವೆಟ್ಟು, ಕೇಬಲ್ಲು ಎಲ್ಲ ಕಂಪನಿಯವರು ಕಳಿಸುತ್ತಾರೆ. ನಕ್ಷೆ ನೋಡಿಕೊಂಡು ಜೋಡಿಸಿಕೊಳ್ಳುವುದು ಕೊಂಡವರ ಪಾಲು.

‘ಜೀವಮಾನ ಎಲ್ಲ ಮಂದಿ ಹಾರಸೂ ವಿಮಾನಕ್ಕ ಬೋಲ್ಟ್ ಬಿಗದೇನಿ. ಇದು ನಂದು, ನಾನ ಹಾರಸ್ತೇನಿ. ಬಾಜೂಕ ನೀ ಕೂಡು’ ಎಂದು ಅಕ್ಕನಿಗೆ ಹೇಳಿದ್ದನಂತೆ. ಅಕ್ಕ ಇದನ್ನು ನನಗೆ ಹೇಳುವಾಗ ಆಕೆಯ ಮುಖ ಹೇಗಿತ್ತೆಂದರೆ… ಮದುವೆಯಾದಾಗಿನಿಂದ ಆ ಮನುಷ್ಯ ಆಕೆಗೆ ಕೊಟ್ಟ ಮೊದಲ ಮಾತು ಅದು ಎಂದು ನನಗೆ ತಿಳಿದುಹೋಯಿತು.

ಹುನಗುಂದದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಅಂಗಡಿಗೆ ರಜೆಯಿದ್ದ ದಿನ ಕೈಜೋಡಿಸೋಣವೆಂದು ಶೆಡ್ಡಿಗೆ ಹೋದೆ. ಮೇಜಿನ ಮೇಲಿನ ಒಂದು ಬೋಲ್ಟನ್ನು ಎತ್ತಿ ನೋಡಿದೆ, ಅಷ್ಟೇ.

‘ಏ, ಕೆಳಗ ಇಡದನ್ನ. ಗುಳಗಿ ಮಾರಾವಗ ಬೋಲ್ಟಿಂದ ಏನ್ ತಿಳೀತೈತಿ?’

ಆಮೇಲೆ ನಾನು ಶೆಡ್ಡಿನ ಬಾಗಿಲು ದಾಟಿ ಒಳಗೆ ಹೋದದ್ದು ಕಡಿಮೆ. ಬಯ್ಗುಳ ನನಗೊಬ್ಬನಿಗೇ ಮೀಸಲಾಗಿರಲಿಲ್ಲ. ವೆಲ್ಡಿಂಗಿನವನನ್ನು ಬಯ್ದು ಓಡಿಸಿದ. ನೋಡಲು ಬಂದ ಕಾಲೇಜು ಹುಡುಗರ ಮುಂದೆ ಗೇಟು ಹಾಕಿಕೊಂಡ. ಧಾರವಾಡದಲ್ಲಿ ಓದುತ್ತಿದ್ದ ಮಗಳು ರಜೆಗೆ ಬಂದು, ‘ಪಪ್ಪಾ, ಇದಕ್ಕೇನ್ ಹೆಸರಿಡ್ತೀರಿ?’ ಎಂದು ಕೇಳಿದ್ದಕ್ಕೆ, ‘ನಾಯಿಗೆ ಹೆಸರಿಡ್ತಾರ’ ಎಂದ. ಹುಡುಗಿ ಮತ್ತೆ ಆ ಕಡೆ ಹಾಯಲಿಲ್ಲ.

ಅವನ ಜೊತೆ ನಿಂತವಳು ಅಕ್ಕ ಒಬ್ಬಳೇ. ಆ ವಿಮಾನದ ರೆಕ್ಕೆಗೆ ತಗಡು ಹೊದಿಸುವುದಿಲ್ಲ, ಬಟ್ಟೆ ಹೊದಿಸುತ್ತಾರೆ. ಎಲುಬುಗಳಂಥ ಪಟ್ಟಿಗಳ ಮೇಲೆ ಬಟ್ಟೆಯನ್ನು ಅಂಟಿನಿಂದ ಕೂರಿಸಿ, ಮೇಲೆ ಇಸ್ತ್ರಿ ಎಳೆಯಬೇಕು. ಕಾವಿಗೆ ಬಟ್ಟೆ ಜಗ್ಗಿಕೊಂಡು ಹಲಗೆ ವಾದ್ಯದ ಚರ್ಮದ ಹಾಗೆ ಬಿಗಿಯುತ್ತದೆ. ಆಮೇಲೆ ಉದ್ದನೆಯ ಸೂಜಿಯಿಂದ ರೆಕ್ಕೆಯ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಮೇಣದ ದಾರ ಹಾಯಿಸಿ ಪ್ರತಿ ಎಲುಬಿಗೂ ಹೊಲಿಯಬೇಕು. ನಮ್ಮ ತಾಯಿಯ ತವರು ಇಳಕಲ್ಲಿನ ನೇಕಾರರ ಮನೆ. ದಾರ ಎಷ್ಟು ಜಗ್ಗಬೇಕು, ಎಲ್ಲಿ ಬಿಡಬೇಕು ಎನ್ನುವುದು ಅಕ್ಕನ ಕೈಗೆ ತಾನಾಗಿ ಗೊತ್ತು. ಇಡೀ ವಿಮಾನದ ಬಟ್ಟೆಯ ಕೆಲಸ ಆಕೆಯೇ ಮಾಡಿದಳು. ಅಂಟಿಗೆ, ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆಗೆ ತಲೆ ಸಿಡಿಯುತ್ತದೆಂದು ಹಣೆಗೆ ಸೆರಗು ಬಿಗಿದುಕೊಂಡು ಹೊಲಿಯುತ್ತಿದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಅವನು ಹಿಂದಿನಿಂದ ಸ್ಕೇಲು ಹಿಡಿದು ಬರುತ್ತಿದ್ದ. ಒಂದು ಗಂಟು ಅವನ ಮನಸ್ಸಿಗೆ ಬರದಿದ್ದರೆ ಇಡೀ ಸಾಲನ್ನು ಬ್ಲೇಡಿನಿಂದ ಕತ್ತರಿಸಿ ಹೋಗುತ್ತಿದ್ದ. ಹೀಗಲ್ಲ ಹೀಗೆ ಎಂದು ಹೇಳುತ್ತಲೂ ಇರಲಿಲ್ಲ. ನಾನು ಹಲ್ಲು ಕಡಿದರೆ ಅಕ್ಕ, ‘ಅವರದು ಖರೆ ಐತಿ ತಮ್ಮಾ. ಅಲ್ಲಿ ಗಂಟು ಸಡ್ಲ ಆಗಿತ್ತು’ ಎಂದು ಮತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಆಕೆಯ ಮೇಲೂ ನನಗೆ ಸಿಟ್ಟು ಬರುತ್ತಿತ್ತು.

ವಿಮಾನ ಮುಗಿಯಿತು. ಬಿಳಿ ಮೈ, ರೆಕ್ಕೆಯ ತುದಿಗೆ ಕೆಂಪು. ಚೆನ್ನಾಗಿರಲಿಲ್ಲ ಎಂದು ಹೇಳಲಾರೆ.

ಹಾರುವುದನ್ನು ಕಲಿಯಲು ಹೋಗುವ ಮೊದಲು ವೈದ್ಯರ ಪರೀಕ್ಷೆಯಾಗಬೇಕು. ಅದೇನು ದೊಡ್ಡ ಮಾತು ಎಂದು ಅವನು ಕಡೆಗೆ ಉಳಿಸಿಕೊಂಡಿದ್ದ. ಪರೀಕ್ಷೆಯಲ್ಲಿ ಹೃದಯದ ಬಡಿತ ಸರಿಯಿಲ್ಲವೆಂದು ಗೊತ್ತಾಯಿತು. ವಿಮಾನ ನಡೆಸಲು ಈ ಮನುಷ್ಯ ಯೋಗ್ಯನಲ್ಲ ಎಂದು ಬರೆದುಕೊಟ್ಟರು. ಅವನು ಅದರ ಬಗ್ಗೆ ಹೊರಗೆ ಯಾರ ಮುಂದೂ ಬಾಯಿ ಬಿಡಲಿಲ್ಲ. ನನಗೆ ಹೇಳಿದವಳು ಅಕ್ಕ. ಮನೆಯ ಹತ್ತಿರವೇ ನನ್ನ ಅಂಗಡಿಯಿದ್ದರೂ ಗುಳಿಗೆ ತರಲು ಬಾಗಲಕೋಟೆಗೆ ಹೋಗುತ್ತಿದ್ದ. ನನಗೆ ಗೊತ್ತಾಗಬಾರದು ಎಂದು! ಪಾಪ ಅನಿಸಬೇಕಿತ್ತು. ಅನಿಸಲಿಲ್ಲ.

ಪರೀಕ್ಷಾ ಹಾರಾಟಕ್ಕೆ ದಿಲ್ಲಿಯಿಂದ ಅನುಮತಿ ಬಂತು. ಲೈಸೆನ್ಸಿದ್ದ ಪೈಲಟ್ ಒಬ್ಬನೇ ಹಾರಿಸಬೇಕು, ನಿಗದಿಯಾದಷ್ಟು ತಾಸು ಹಾರುವ ತನಕ ಪಕ್ಕದಲ್ಲಿ ಯಾರೂ ಕೂರಬಾರದು ಎಂದು ನಿಯಮ. ಬೆಳಗಾವಿ ಕಡೆಯ ಒಬ್ಬ ಪೈಲಟ್ ಬಂದ. ಮೂವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಮನುಷ್ಯ. ಗುಡೂರಿನ ಆಚೆ ಮುಚ್ಚಿಹೋದ ಕಲ್ಲಿನ ಕ್ವಾರಿಯೊಂದರ ಹತ್ತಿರ ಲಾರಿಗಳಿಗಾಗಿ ಹಾಕಿದ್ದ ನೇರವಾದ ಗರಸುಮಣ್ಣಿನ ದಾರಿಯಿತ್ತು. ಅದಕ್ಕೆ ರೋಲರ್ ಹೊಡೆಸಿದ್ದರು. ರೆಕ್ಕೆ ಬಿಚ್ಚಿ ಟ್ರೇಲರಿನಲ್ಲಿ ಒಯ್ದು, ಅಲ್ಲಿ ಮತ್ತೆ ಜೋಡಿಸಿದರು.

ಮೊದಲ ಸಲ ಅದು ನೆಲ ಬಿಟ್ಟಾಗ ಗುಡೂರಿನಿಂದ ಬಂದಿದ್ದ ಜನ ಹೋ ಎಂದು ಕೂಗಿದರು. ನಾನೂ ಕೂಗಿದೆ. ಅಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವನು ಮಾತ್ರ ಬೆನ್ನು ತಿರುಗಿಸಿ ಕ್ವಾರಿಯ ಕಡೆ ಮುಖ ಮಾಡಿದ್ದ. ವಿಮಾನ ಇಳಿಯುವ ತನಕ ತಲೆ ಎತ್ತಲಿಲ್ಲ.

ಪೈಲಟ್ ಇಳಿದು ಬಂದು ಕೈ ಚಾಚಿದ. ‘ಸರ್, ಭಾಳ ಛಲೋ ಐತ್ರಿ ವಿಮಾನ.’

‘ಛಲೋ ಐತೋ ಇಲ್ಲೋ ನನಗ ಗೊತ್ತೈತಿ. ಎಡಕ ವಾಲತೈತೇನು ಅಷ್ಟ ಹೇಳು.’ ಚಾಚಿದ ಕೈಯನ್ನು ಅವನು ಮುಟ್ಟಲಿಲ್ಲ.

ವಾರಗಟ್ಟಲೆ ಹೀಗೇ ನಡೆಯಿತು. ಒಬ್ಬ ಹಾರುವುದು, ಇನ್ನೊಬ್ಬ ಕೆಳಗೆ ನಿಂತು ಉರಿಯುವುದು. ಪ್ರತಿ ಸಲ ಇಳಿದ ಮೇಲೂ ಪೈಲಟ್ಟಿಗೆ ಬಯ್ಗುಳ. ನನ್ನ ಕಣ್ಣಿಗೆ ಆ ಪೈಲಟ್ ದೇವರಂಥವನು.

ಕಡೆಗೊಂದು ಬೆಳಿಗ್ಗೆ ನಿಯಮದ ತಾಸುಗಳು ಮುಗಿದವು. ಅಂದು ಅಕ್ಕ ಮಗಳ ಚೂಡಿದಾರ್ ಹಾಕಿಕೊಂಡು ಬಂದಿದ್ದಳು. ಆಕೆಯನ್ನು ಸೀರೆಯಲ್ಲಲ್ಲದೆ ನಾನು ಕಂಡದ್ದು ಅದೇ ಮೊದಲು. ಯಾಕೆಂದು ಹೊಳೆಯಲಿಲ್ಲ.

‘ಸರ್, ಈಗ ಬಾಜೂಕ ಕೂಡಬಹುದ್ರಿ. ಮೊದಲ ನೀವ ಬರ್ರಿ’ ಎಂದ ಪೈಲಟ್.

‘ನಾ ಕಟ್ಟಿದ ವಿಮಾನದಾಗ ನಾ ಪ್ಯಾಸೆಂಜರ್?’ ಅವನು ಪಕ್ಕಕ್ಕೆ ಉಗುಳಿದ. ‘ರೆಕ್ಕಿ ಬಿಚ್ಚು. ಸಾಕು ಇದು.’

‘ನಾ ಕೂಡ್ತೇನ್ರಿ’ ಎಂದಳು ಅಕ್ಕ.

ಅವನು ಆಕೆಯನ್ನು ಕಾಲಿಂದ ತಲೆಯವರೆಗೆ ನೋಡಿದ. ಚೂಡಿದಾರ್ ಅವನ ಕಣ್ಣಿಗೆ ಬಿದ್ದದ್ದು ಆಗ. ‘ನೀ ಕೂಡಂಗಿಲ್ಲ.’

‘ಆ ರೆಕ್ಕಿ ನಾ ಹೊಲದೇನ್ರಿ.’

‘ಕುಂತೀ ಅಂದ್ರ ಮತ್ತ ನನ್ನ ಜೋಡಿ ಮಾತಾಡಬ್ಯಾಡ.’

ಅಕ್ಕ ತನ್ನ ಪರ್ಸನ್ನು ನನ್ನ ಕೈಗೆ ಕೊಟ್ಟಳು. ವಿಮಾನದ ಹತ್ತಿರ ಹೋಗಿ, ತಾನೇ ಬಾಗಿಲು ತೆಗೆದು ಕುಳಿತಳು. ಪೈಲಟ್ ಹೌಹಾರಿ, ‘ಸರ್?’ ಎಂದ. ‘ನನ್ನೇನ್ ಕೇಳ್ತಿ? ಆಕೀನ ಕೇಳು’ ಎಂದು ಅವನು ಮುಖ ತಿರುಗಿಸಿದ.

ವಿಮಾನ ಏರಿತು. ಮಲಪ್ರಭೆಯ ಕಡೆ ತಿರುಗಿ ಸಣ್ಣದಾಗುತ್ತ ಹೋಯಿತು. ನನ್ನ ಹಿಂದೆ ಜೀಪು ಸ್ಟಾರ್ಟ್ ಆದ ಸದ್ದು. ತಿರುಗಿ ನೋಡಿದರೆ ಅವನು ಒಬ್ಬನೇ ಅಮೀನಗಡದ ದಾರಿ ಹಿಡಿದು ಹೊರಟಿದ್ದ. ಹೆಂಡತಿ ಆಕಾಶದಲ್ಲಿರುವಾಗ!

ಇಳಿದು ಬಂದ ಅಕ್ಕ ಮೊದಲು ಹುಡುಕಿದ್ದು ಆ ಜೀಪನ್ನು. ‘ಹೋಗ್ಲಿ ಬಿಡಕ್ಕಾ, ಹೆಂಗಿತ್ತು ಹೇಳು’ ಎಂದೆ. ಆಕೆ ಹೇಳಲಿಲ್ಲ. ಬಂದು ನನ್ನ ಬೈಕಿನ ಹಿಂದೆ ಕುಳಿತಳು.

ಅವನು ಆಡಿದ ಮಾತನ್ನು ಉಳಿಸಿಕೊಂಡ. ತಾಟು ಇಟ್ಟರೆ ಉಣ್ಣುತ್ತಿದ್ದ. ಹೇಳುವುದೇನಾದರೂ ಇದ್ದರೆ ಧಾರವಾಡದ ಮಗಳಿಗೆ ಫೋನು ಮಾಡಿ, ‘ನಿಮ್ಮವ್ವಗ ಹೇಳು’ ಎನ್ನುತ್ತಿದ್ದ. ಅವ್ವ ಆಚೆ ಕೋಣೆಯಲ್ಲೇ ಇರುತ್ತಿದ್ದಳು.

ಕೆಲವು ದಿನ ಬಿಟ್ಟು ಅಕ್ಕ ಅಂಗಡಿಗೆ ಫೋನು ಮಾಡಿದಳು. ‘ಸ್ವಲ್ಪ ಬಂದು ಹೋಗು ತಮ್ಮಾ’ ಎಂದಷ್ಟೇ ಹೇಳಿದಳು. ಹೋದೆ. ಶೆಡ್ಡಿನಲ್ಲಿ ಅವನು ಚಾಕು ಹಿಡಿದು ರೆಕ್ಕೆಯ ಬಟ್ಟೆ ಕೊಯ್ಯುತ್ತಿದ್ದ. ಸಿಟ್ಟಿನಲ್ಲಿ ಹರಿಯುತ್ತಿರಲಿಲ್ಲ. ಎಲುಬಿನ ಅಂಚಿಗೆ ಗೀರುತ್ತ, ಒಂದೊಂದೇ ಹೊಲಿಗೆ ಬಿಡಿಸುತ್ತ, ಲೋಹಕ್ಕೆ ಒಂದು ಗೆರೆಯೂ ಬೀಳದ ಹಾಗೆ ಸುಲಿಯುತ್ತಿದ್ದ. ಆ ನಾಜೂಕು ಕಂಡೇ ನನ್ನ ಮೈ ಉರಿಯಿತು.

‘ಏನ್ ಮಾಡಾಕತ್ತೀರಿ ಮಾಮಾ?’

‘ಆಕೀದು ಆಕಿಗೆ ಕೊಡಾಕತ್ತೇನಿ.’

ಅವನ ರಟ್ಟೆ ಹಿಡಿದೆ. ಅವನು ಕೊಸರಿಕೊಂಡು ನನ್ನ ಎದೆಗೆ ಗುದ್ದಿದ. ಇನ್ನೊಂದು ಕ್ಷಣವಾಗಿದ್ದರೆ ಏನಾಗುತ್ತಿತ್ತೋ… ಬಾಗಿಲಲ್ಲಿ ನಿಂತಿದ್ದ ಅಕ್ಕ, ‘ಬಿಡು ತಮ್ಮಾ. ಮುಗಸ್ಲಿ ಅವರು’ ಎಂದಳು. ಬಿಟ್ಟೆ. ಅಂದಿನಿಂದ ನಾನೂ ಅವನೊಡನೆ ಮಾತು ನಿಲ್ಲಿಸಿದೆ.

ಹಿತ್ತಲಿಗೆ ಎಸೆದ ಬಟ್ಟೆಯನ್ನು ಅಕ್ಕ ಮಡಿಚಿಟ್ಟು, ಒಂದು ದೊಡ್ಡ ತುಂಡನ್ನು ಕಟ್ಟಿಗೆಯ ರಾಶಿಗೆ ಹೊದಿಸಿದಳು. ‘ನೀರು ಇಳ್ಯಂಗಿಲ್ಲ’ ಎಂದಳು. ಅವನು ದಿನಾ ಅದನ್ನು ದಾಟಿಯೇ ಶೆಡ್ಡಿಗೆ ಹೋಗಬೇಕಿತ್ತು. ನನಗೆ ಅದರಿಂದ ಎಷ್ಟು ಸಮಾಧಾನವಾಯಿತೆಂದರೆ, ಆ ಮನೆಗೆ ಹೋದಾಗಲೆಲ್ಲ ಮೊದಲು ಹಿತ್ತಲು ನೋಡುತ್ತಿದ್ದೆ.

ವರ್ಷಗಳು ಹೋದವು. ಎಲುಬು ಬಿಟ್ಟ ವಿಮಾನ ಶೆಡ್ಡಿನಲ್ಲೇ ನಿಂತಿತ್ತು. ಕಡೆಗೆ ಹೃದಯ ಕೈಕೊಟ್ಟು ಅವನು ಬಾಗಲಕೋಟೆಯ ದವಾಖಾನೆ ಸೇರಿದ. ಅಕ್ಕ ಮಂಚದ ಪಕ್ಕದಿಂದ ಏಳಲೇ ಇಲ್ಲ. ಒಂದು ಸಂಜೆ ನಾನು ಬಾಗಿಲಲ್ಲಿದ್ದೆ. ಅವನು ನರ್ಸನ್ನು ಕರೆದು, ‘ಆಕಿಗೆ ಮನಿಗೆ ಹೋಗಿ ಮಕ್ಕೋ ಅಂತ ಹೇಳ್ರಿ’ ಎಂದ. ಆಕೆ ಒಂದು ಮೊಳ ದೂರದಲ್ಲಿ ಕುಳಿತಿದ್ದಳು. ನರ್ಸು ಅವಳ ಮುಖ, ಅವನ ಮುಖ ನೋಡಿ ಏನೂ ತಿಳಿಯದೆ ನಿಂತಳು. ಆಮೇಲೆ ಅವನು ಆಡಿದ ಮಾತು ಯಾವುದೂ ನನಗೆ ಗೊತ್ತಿಲ್ಲ. ಮಣ್ಣು ಮಾಡಿ ಬಂದೆವು. ನಾನು ಅಳಲಿಲ್ಲ.

ಗ್ಯಾರೇಜಿನಿಂದ ಅಂದು ಸೀದಾ ಹುನಗುಂದಕ್ಕೆ, ಅಕ್ಕನ ಮನೆಗೆ ಹೋದೆ. ಶೆಡ್ಡು ಈಗ ಖಾಲಿ. ಮಹಾರಾಷ್ಟ್ರದ ಯಾರೋ ಬಂದು, ಮತ್ತೆ ಬಟ್ಟೆ ಹೊದಿಸಿಕೊಂಡು ಹಾರಿಸುತ್ತೇವೆಂದು ಒಯ್ದಿದ್ದಾರೆ. ಅಕ್ಕ ಪಡಸಾಲೆಯಲ್ಲಿ ಮೆಂತೆಪಲ್ಲೆ ಸೋಸುತ್ತ ಕುಳಿತಿದ್ದಳು. ಎಂದಿನಂತೆ ಅವನನ್ನು ಬಯ್ಯಲು ಶುರು ಮಾಡಿದೆ. ಆಮೇಲೆ ಏನೋ ಹೊಳೆದು, ‘ಅವತ್ತು ಮ್ಯಾಲಿಂದ ಏನೇನ್ ಕಂಡಿತಕ್ಕಾ? ಹೇಳಲೇ ಇಲ್ಲ ನೀನು’ ಎಂದೆ.

‘ಜೀಪ ಕಂಡಿತು’ ಎಂದಳು. ‘ಪೈಲಟ್ ಅಂವಾ ಹೊಳಿ ನೋಡ್ರಿ, ಗುಡಿ ನೋಡ್ರಿ ಅನ್ನಾಕತ್ತಿದ್ದ. ನಾ ಜೀಪ ನೋಡ್ಕೋತ ಕುಂತಿದ್ನಿ. ಅಮೀನಗಡ ರಸ್ತಾದಾಗ ಒಂದ್ ಕಡೆ ನಿಂತಿತು. ಅವರು ಕೆಳಗಿಳಿದು ಮ್ಯಾಲೆ ನೋಡಿದ್ರು.’

‘ಖರೇನ?’

‘ಖರೆ. ಭಾಳೊತ್ತು ನೋಡಿದ್ರು. ನಾ ಕೈ ಮಾಡಿದ್ನಿ. ಅಷ್ಟ ಎತ್ತರದಿಂದ ಕಂಡಿತೋ ಇಲ್ಲೋ…’

ಇಷ್ಟು ವರ್ಷ ಇದನ್ನು ಯಾಕೆ ಬಚ್ಚಿಟ್ಟೆ ಎಂದು ಕೇಳಿದೆ. ನನ್ನ ದನಿ ಏರಿತ್ತು.

‘ಹೇಳಿದ್ರ ನೀ ಅವರ ಮ್ಯಾಲಿನ ಸಿಟ್ಟು ಬಿಡ್ತಿದ್ದಿ. ನನ್ನ ಪರವಾಗಿ ಸಿಟ್ಟ ಮಾಡಾಕ ಒಬ್ಬರರ ಬೇಕಾಗಿತ್ತು ತಮ್ಮಾ. ನನಗ ಅದು ಆಗ್ತಿರಲಿಲ್ಲ.’

ಆಕೆ ಪಲ್ಲೆ ಸೋಸುವುದನ್ನು ಬಿಟ್ಟು ಬಹಳ ಹೊತ್ತು ಅತ್ತಳು. ನಾನು ಪಕ್ಕದಲ್ಲೇ ಕುಳಿತಿದ್ದೆ.

ನಾನು ಸಿಟ್ಟು ಬಿಟ್ಟಿಲ್ಲ. ಜೀಪು ನಿಲ್ಲಿಸಿ ಮೇಲೆ ನೋಡಿದವನು ಮನೆಗೆ ಬಂದು ಒಂದು ಮಾತಾಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆದರೆ ಅಕ್ಕನ ಎದುರಿಗೆ ಅವನನ್ನು ಬಯ್ಯುವುದನ್ನು ಅಂದಿನಿಂದ ನಿಲ್ಲಿಸಿದ್ದೇನೆ. ನನ್ನ ಸಿಟ್ಟು ಆಕೆಗೀಗ ಬೇಕಾಗಿಲ್ಲ. ಆಕೆಗೆ ಬೇಕಾಗಿದ್ದ ಮನುಷ್ಯ ಇಲ್ಲ.